ಮುಚ್ಚಿತೋ, ಮುಚ್ಚೆಂದು ಹೇಳಿದ್ದಷ್ಟೆಯೋ?

ಈ ತಿಂಗಳು ನಮಗೆ ಬಂದ ಪತ್ರಗಳಲ್ಲಿ ಬನಹಟ್ಟಿಯ ಒಬ್ಬ ತಾಯಿಯವರದು ಒಂದಿದೆ. ಅಕ್ಷರಗಳು ದುಂಡಗೆ, ಒಂದರ ಮಗ್ಗುಲಿಗೊಂದು ನೇಯ್ದಂತೆ ಕುಳಿತಿವೆ. ಮನೆಯಲ್ಲಿ ಮಗ್ಗವಿದ್ದವರ ಕೈಬರಹವು ಹಾಗಿದ್ದರೆ ಆಶ್ಚರ್ಯವೇನು? ಅವರ ಮಗನು ಓದು ಮುಗಿಸಿ ಕೈಗಾದ ಪರಮಾಣು ವಿದ್ಯುತ್ ಸ್ಥಾವರದಲ್ಲಿ ಕೆಲಸಕ್ಕೆ ಸೇರಿದ್ದಾನೆ. ಕವಾಟಗಳನ್ನು ಬಿಚ್ಚುವದು, ಪರೀಕ್ಷಿಸುವದು, ತಿರುಗಿ ಕೂಡಿಸುವದು ಅವನಿಗೆ ಒಪ್ಪಿಸಿದ ಕೆಲಸ. ರಜೆಯಲ್ಲಿ ಊರಿಗೆ ಬಂದಾಗ ತಾಯಿಯು ಅದೇನೆಂದು ಕೇಳಲಾಗಿ, ನಮ್ಮ ಕುಕ್ಕರಿನ ಸೀಟಿಯ ಹಾಗೆಯೇ, ಸ್ವಲ್ಪ ದೊಡ್ಡದು, ಎಂದು ಹೇಳಿ ನಕ್ಕುಬಿಟ್ಟನಂತೆ.

ತಾಯಿಗೆ ಇದರಿಂದ ಸಮಾಧಾನವಾಗಲಿಲ್ಲ. ಬದಲಾಗಿ ಚಿಂತೆಯೇ ಹೆಚ್ಚಾಯಿತು. ಏಕೆಂದರೆ ಹೋದ ಶ್ರಾವಣದಲ್ಲಿ ಅವರ ಕುಕ್ಕರಿನ ಸೀಟಿಯು ಒಂದು ದಿನ ಸಿಕ್ಕಿಕೊಂಡಿತು. ಬೇಳೆ ಬೇಯಲಿಟ್ಟು ಬಹಳ ಹೊತ್ತಾದರೂ ಸಪ್ಪಳವಿಲ್ಲ. ದೈವವಶಾತ್ ಅವರು ಒಲೆಯನ್ನು ಆರಿಸಿದರು. ಆ ಸೀಟಿಯನ್ನು ತೆಗೆದು ಅಡಿಗೆಮನೆಯ ಗೂಡಿನಲ್ಲಿಟ್ಟು ಹೊಸದೊಂದನ್ನು ತಂದರು. ಈಗ ಅವರ ಪ್ರಶ್ನೆಗಳು ಎರಡು: ಹಳೆಯದನ್ನು ತಿಕ್ಕಿ ತೊಳೆದು ಮತ್ತೆ ಉಪಯೋಗಿಸಬಹುದೆ? ನನ್ನ ಮಗನು ಕೆಲಸ ಮಾಡುವಲ್ಲಿ ಹೀಗೆ ಸಿಕ್ಕಿಕೊಂಡರೆ ಏನು ಗತಿ?

ಎರಡನೆಯ ಪ್ರಶ್ನೆಯನ್ನು ಮೊದಲು ತೆಗೆದುಕೊಳ್ಳುವೆವು. ಮೊದಲನೆಯದರ ಉತ್ತರವು ಅದರಿಂದಲೇ ಹೊರಡುವದು.

ಮಗನು ತಾಯಿಯನ್ನು ಸಮಾಧಾನಪಡಿಸಲು ಹೇಳಿದ ಮಾತು ವಿನೋದದ್ದಾದರೂ ಇತಿಹಾಸದ ದೃಷ್ಟಿಯಿಂದ ಅಕ್ಷರಶಃ ನಿಜವೇ ಆಗಿದೆ. ಸುರಕ್ಷಾಕವಾಟವೆಂಬುದು ಹುಟ್ಟಿದ್ದು ಕಾರಖಾನೆಯಲ್ಲಲ್ಲ, ಅಡಿಗೆಯ ಪಾತ್ರೆಯ ಮೇಲೆ. ಡೆನಿ ಪಾಪಾಂ ಎಂಬ ಫ್ರೆಂಚ್ ವೈದ್ಯನು ಲಂಡನ್ನಿನಲ್ಲಿದ್ದಾಗ ೧೬೭೯ರಲ್ಲಿ ಎಲುಬನ್ನು ಸಹ ಮೆತ್ತಗೆ ಬೇಯಿಸುವ ಒಂದು ಬಿಗಿಮುಚ್ಚಳದ ಪಾತ್ರೆಯನ್ನು ಮಾಡಿದನು. ಒಳಗಿನ ಉಗಿಯು ಹೆಚ್ಚಾದರೆ ಪಾತ್ರೆಯು ಸಿಡಿಯುವದಷ್ಟೆ? ಅದಕ್ಕಾಗಿ ಅವನು ಮುಚ್ಚಳದಲ್ಲಿ ಒಂದು ಚಿಕ್ಕ ರಂಧ್ರವನ್ನು ಕೊರೆದು, ಅದರ ಮೇಲೆ ಒಂದು ಬಿರಡೆಯನ್ನಿಟ್ಟು, ಬಿರಡೆಯ ಮೇಲೆ ಸನ್ನೆಗೋಲಿನಿಂದ ತೂಕವನ್ನು ತೂಗಹಾಕಿದನು. ಉಗಿಯ ಬಲವು ತೂಕದ ಬಲವನ್ನು ಮೀರಿದ ಕೂಡಲೆ ಬಿರಡೆಯು ಎದ್ದು ಉಗಿಯನ್ನು ಹೊರಬಿಡುವದು. ಬಲವು ಇಳಿದ ಕೂಡಲೆ ತಾನೇ ಕುಳಿತುಕೊಳ್ಳುವದು. ೧೬೮೨ರಲ್ಲಿ ಅಲ್ಲಿಯ ರಾಯಲ್ ಸೊಸಾಯಿಟಿಯ ಪಂಡಿತರಿಗೆ ಈ ಪಾತ್ರೆಯಲ್ಲಿ ಬೇಯಿಸಿದ ಊಟವೂ ಆಯಿತು. ಉಗಿಯಂತ್ರವು ಲೋಕದಲ್ಲಿ ಬರುವದಕ್ಕೆ ಮುಂಚೆ ಅದರ ರಕ್ಷಕನು ಬಂದದ್ದು ಹೀಗೆ.

ನಮ್ಮ ಮನೆಗಳ ಕುಕ್ಕರಿನಲ್ಲಿ ಇಂದಿಗೂ ಇದೇ ಯುಕ್ತಿಯಿದೆ. ಸೀಟಿಯ ತೂಕವು ಒಳಗಿನ ಒತ್ತಡವನ್ನು ಹೊರಗಿನ ಗಾಳಿಯ ಒತ್ತಡಕ್ಕಿಂತ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋಗ್ರಾಮಿನಷ್ಟು ಮೇಲೆ ಹಿಡಿದಿಡುವದು. ಅದರಿಂದ ನೀರು ೧೦೦ರ ಬದಲು ಸುಮಾರು ೧೨೦ ಅಂಶಗಳ ಉಷ್ಣತೆಗೆ ಏರಿ ಬೇಳೆಯು ಬೇಗನೆ ಬೇಯುವದು. ಬೇಳೆಯ ನೊರೆಯು ಕೊಳವೆಯಲ್ಲಿ ಹೊಕ್ಕು ಗಟ್ಟಿಯಾದರೆ ಸೀಟಿಯು ಏಳಲಾರದು. ಆಗ ಎರಡನೆಯ ರಕ್ಷಕನಾಗಿ, ಬಿಸಿಗೆ ಕರಗುವ ಮಿಶ್ರಲೋಹದ ಒಂದು ಬಿರಡೆಯು ಮುಚ್ಚಳದಲ್ಲಿ ಬೇರೆಯೇ ಇರುವದು. ಅದು ಕರಗಿ ಉಗಿಗೆ ಹಾದಿ ಕೊಡುವದು.

ಇಲ್ಲಿ ನಮ್ಮ ಮನೆಯದೇ ಒಂದು ಸಂಗತಿಯನ್ನು ಹೇಳದೆ ಇರಲಾರೆವು. ಕೆಲವು ವರ್ಷಗಳ ಹಿಂದೆ ನಮ್ಮ ಕುಕ್ಕರಿನ ಈ ಎರಡನೆಯ ಬಿರಡೆಯು ಒಮ್ಮೆ ಕರಗಿಹೋಯಿತು. ಸಂತೆಯಲ್ಲಿ ಕುಳಿತ ಒಬ್ಬ ದುರಸ್ತಿಯವನ ಹತ್ತಿರ ಕೊಟ್ಟೆವು. ಇನ್ನು ಜನ್ಮದಲ್ಲಿ ಕರಗಲಿಕ್ಕಿಲ್ಲ ಎಂದು ಅವನು ಅಭಿಮಾನದಿಂದ ಮರಳಿ ಕೊಟ್ಟನು. ಅವನ ಮಾತು ಸುಳ್ಳಾಗಲಿಲ್ಲ. ಆರು ತಿಂಗಳಾದ ಮೇಲೆ ನೋಡಿದಾಗ, ಅವನು ಅಲ್ಲಿ ಒಂದು ಹಿತ್ತಾಳೆಯ ತಿರುಪನ್ನು ಬಿಗಿದು ಬೆಸುಗೆ ಹಾಕಿದ್ದು ತಿಳಿದುಬಂದಿತು! ಆರು ತಿಂಗಳು ನಾವು ಬಾಗಿಲಿಲ್ಲದ ಮನೆಯಲ್ಲಿ ಬೆಂಕಿ ಹಚ್ಚಿಕೊಂಡು ಕುಳಿತಂತೆ ಇದ್ದೆವು. ಒಂದೇ ಒಂದು ದಿನವೂ ಏನೂ ಆಗಲಿಲ್ಲವಾದ್ದರಿಂದ, ಎಲ್ಲವೂ ಸರಿಯಿದೆಯೆಂದೇ ನಂಬಿದ್ದೆವು.

ಸುರಕ್ಷಾಕವಾಟದ ಮುಖ್ಯ ತೊಡಕು ಇದರಲ್ಲಿಯೇ ಇದೆ. ಬೇರೆ ಯಂತ್ರಭಾಗಗಳು ದಿನಾಲು ದುಡಿಯುತ್ತವೆ. ಕೆಟ್ಟರೆ ಅಂದೇ ಗೊತ್ತಾಗುತ್ತದೆ. ಇದು ವರ್ಷಗಟ್ಟಲೆ ಸುಮ್ಮನೆ ಕುಳಿತಿದ್ದು ಒಂದು ಕ್ಷಣಕ್ಕಾಗಿ ಕಾಯುತ್ತದೆ. ಆ ಕ್ಷಣದಲ್ಲಿ ಅದು ಏನು ಮಾಡುವದೆಂಬುದನ್ನು ಅದರ ಮುಖ ನೋಡಿ ಹೇಳುವದಾಗದು.

ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿಯ ಸೀಮೆಯವರಿಗೆ ಕಾರಖಾನೆಯ ಸುರಕ್ಷಾಕವಾಟವೂ ಅಪರಿಚಿತವಲ್ಲ. ಕಬ್ಬು ನುರಿಸುವ ಹಂಗಾಮು ಆರಂಭವಾಯಿತೆಂದರೆ ಘಟಪ್ರಭೆ ಕೃಷ್ಣೆಯರ ಈ ನಾಡಿನಲ್ಲಿ ರಾತ್ರಿಯ ಹೊತ್ತಿನಲ್ಲಿ ಎಲ್ಲಿಂದಲೋ ಒಮ್ಮೆಲೆ ಹುಯ್ಯೆಂದು ಉಗಿಯು ಮೊರೆಯುವ ಸಪ್ಪಳವು ಕೇಳಿಬರುವದುಂಟು. ಮಕ್ಕಳು ಬೆಚ್ಚಿ ಏಳುವರು. ತಿಳಿದವರು ಬಾಯ್ಲರಿನ ಕವಾಟವು ಬಾಯಿ ತೆರೆಯಿತೆಂದು ಮಗ್ಗುಲು ಬದಲಿಸುವರು. ಬಾಯ್ಲರಿಗೆ ಕಡಿಮೆಯೆಂದರೂ ಎರಡು ಸುರಕ್ಷಾಕವಾಟಗಳಿರಬೇಕೆಂಬುದು ನಿಯಮ. ಈ ನಿಯಮಗಳು ಪುಕ್ಕಟೆಯಾಗಿ ಬಂದವುಗಳಲ್ಲ. ೧೮೬೩ರಲ್ಲಿ ಕಲಕತ್ತೆಯಲ್ಲಿ ಒಂದು ಬಾಯ್ಲರು ಸಿಡಿದು ಜನರು ಸತ್ತ ಮೇಲೆ, ಮರುವರ್ಷ ಬಂಗಾಲದಲ್ಲಿ ಬಾಯ್ಲರುಗಳ ತಪಾಸಣೆಗೆಂದು ನಮ್ಮ ದೇಶದ ಮೊದಲನೆಯ ಕಾಯಿದೆಯಾಯಿತು. ೧೯೨೩ರಲ್ಲಿ ಇಡಿಯ ದೇಶಕ್ಕೆ ಒಂದು ಕಾಯಿದೆ ಬಂದಿತು. ೨೦೨೫ರಲ್ಲಿ ಅದರ ಸ್ಥಾನದಲ್ಲಿ ಹೊಸದು ಬಂದಿದೆ.

ಇದೇ ಮುಧೋಳ ತಾಲ್ಲೂಕಿನ ಕುಳಲಿಯಲ್ಲಿ ೨೦೧೮ರ ಡಿಸೆಂಬರದ ಒಂದು ರವಿವಾರ ಸಕ್ಕರೆ ಕಾರಖಾನೆಯ ಆವರಣದಲ್ಲಿ ಸ್ಫೋಟವಾಗಿ ಕೆಲಸಗಾರರು ಮಡಿದದ್ದನ್ನು ಈ ಭಾಗದ ವಾಚಕರು ಮರೆತಿರಲಾರರು. ಅಂದು ಮೊದಲು ಹಬ್ಬಿದ ಸುದ್ದಿಯು ಬಾಯ್ಲರು ಒಡೆಯಿತೆಂದು. ಆಮೇಲೆ ತಿಳಿದದ್ದು, ಒಡೆದದ್ದು ತ್ಯಾಜ್ಯಜಲವನ್ನು ಶುದ್ಧಗೊಳಿಸುವ ಘಟಕವೆಂದು. ದುಃಖವು ಎರಡರಿಂದಲೂ ಒಂದೇ. ಆದರೆ ಮತ್ತೊಮ್ಮೆ ಹಾಗಾಗದಂತೆ ನೋಡಬೇಕಾದವನಿಗೆ ಈ ಎರಡಕ್ಕೂ ಹಗಲು ರಾತ್ರಿಯ ಅಂತರ. ಬಾಯ್ಲರೆಂದು ನಂಬಿ ಹೊರಟವನು ಬಾಯ್ಲರಿನ ಕವಾಟವನ್ನು ತಿದ್ದಿಸುತ್ತ ಕೂಡ್ರುವನು. ಅಪಾಯವು ಬೇರೆ ಕಡೆಯಲ್ಲಿ ಇದ್ದಲ್ಲಿಯೇ ಇರುವದು.

ಇನ್ನು ಪರಮಾಣು ಸ್ಥಾವರದ ಮಾತಿಗೆ ಬರುವಾ. ಅಲ್ಲಿಯ ಒತ್ತಡವು ಭಯಂಕರವಾಗಿರಬೇಕೆಂದು ಜನರು ಊಹಿಸುವರು. ಕೈಗಾದ ೨೨೦ ಮೆಗಾವಾಟಿನ ನಾಲ್ಕು ಘಟಕಗಳಲ್ಲಿ ಇಂಧನವನ್ನು ತಂಪಾಗಿಡುವ ಭಾರಜಲವು ಚದರ ಸೆಂಟಿಮೀಟರಿಗೆ ಸುಮಾರು ೮೭ ಕಿಲೋಗ್ರಾಮಿನ ಒತ್ತಡದಲ್ಲಿ ಹರಿಯುತ್ತದೆ. ವಿದ್ಯುತ್ತನ್ನೂ ಉತ್ಪಾದಿಸುವ ಹೊಸ ತರಹದ ಸಕ್ಕರೆ ಕಾರಖಾನೆಗಳ ಬಾಯ್ಲರುಗಳಲ್ಲಿ ಇಷ್ಟೇ ಒತ್ತಡವು, ಕೆಲವು ಕಡೆಯಲ್ಲಿ ಇದಕ್ಕೂ ಮೇಲಾದದ್ದು, ಸಾಮಾನ್ಯವಾಗಿದೆ. ಆದದ್ದರಿಂದ ಒತ್ತಡದ ಅಂಕಿಯನ್ನು ನೋಡಿಯೇ ಅಂಜುವದಿದ್ದರೆ ಕೈಗಾದವರೆಗೆ ಹೋಗಬೇಕಾದ ಕಾರಣವಿಲ್ಲ.

ವ್ಯತ್ಯಾಸವಿರುವದು ಬೆಂಕಿಯಲ್ಲಿ. ಕಬ್ಬಿನ ಸಿಪ್ಪೆಯನ್ನು ಹಾಕುವದನ್ನು ನಿಲ್ಲಿಸಿದರೆ ಬಾಯ್ಲರಿನ ಬೆಂಕಿಯು ನಂದುವದು. ರಿಯಾಕ್ಟರಿನಲ್ಲಿ ಪರಮಾಣುಗಳು ಒಡೆಯುವ ಕ್ರಿಯೆಯನ್ನು ಒಂದೆರಡು ಕ್ಷಣಗಳಲ್ಲಿ ನಿಲ್ಲಿಸಬಹುದು. ಆದರೆ ಒಡೆದ ಚೂರುಗಳು ತಮ್ಮಷ್ಟಕ್ಕೆ ತಾವೇ ಶಾಖವನ್ನು ಕೊಡುತ್ತಲೇ ಇರುವವು. ನಿಲ್ಲಿಸಿದ ಮರುಕ್ಷಣದಲ್ಲಿ ಪೂರ್ಣಶಕ್ತಿಯ ನೂರಕ್ಕೆ ಆರೇಳು ಪಾಲು, ಒಂದು ತಾಸಿನ ಮೇಲೆ ಸುಮಾರು ಒಂದೂವರೆ ಪಾಲು, ಒಂದು ದಿನದ ಮೇಲೂ ಸುಮಾರು ಅರ್ಧ ಪಾಲು. ಈ ಶಾಖವನ್ನು ಒಯ್ಯಲು ನೀರು ಬೇಕೇ ಬೇಕು. ಹೀಗಿರಲಾಗಿ ಇಲ್ಲಿಯ ಸುರಕ್ಷಾಕವಾಟಕ್ಕೆ ಎರಡು ಬಗೆಯ ತಪ್ಪುಗಳೂ ಸಮಾನವಾಗಿ ಘಾತಕವಾಗಿವೆ. ತೆರೆಯಬೇಕಾದಾಗ ತೆರೆಯದಿದ್ದರೆ ಕೊಳವೆಗಳು ಒಡೆಯುವವು. ಮುಚ್ಚಬೇಕಾದಾಗ ಮುಚ್ಚದಿದ್ದರೆ ನೀರು ಹೊರಟುಹೋಗಿ ಇಂಧನವು ಒಣಗುವದು. ತಾಯಿಯವರು ಅಂಜಿದ್ದು ಮೊದಲನೆಯ ತಪ್ಪಿಗೆ. ಲೋಕವು ಪಾಠ ಕಲಿತದ್ದು ಎರಡನೆಯದರಿಂದ.

ಅಮೇರಿಕೆಯ ಪೆನ್ಸಿಲ್ವೇನಿಯಾ ಪ್ರಾಂತದಲ್ಲಿ ಸಸ್ಕ್ವೆಹಾನಾ ನದಿಯ ನಡುಗಡ್ಡೆಯೊಂದರ ಮೇಲೆ ಥ್ರೀ ಮೈಲ್ ಐಲಂಡ್ ಎಂಬ ಸ್ಥಾವರವಿದೆ. ಅದರ ಎರಡನೆಯ ಘಟಕವು ವ್ಯಾಪಾರಕ್ಕಾಗಿ ವಿದ್ಯುತ್ತನ್ನು ಕೊಡಲಾರಂಭಿಸಿ ಮೂರೇ ತಿಂಗಳಾಗಿದ್ದಿತು. ೧೯೭೯ನೆಯ ಇಸವಿಯ ಮಾರ್ಚ ೨೮ನೆಯ ತಾರೀಖಿನ ಬೆಳಗಿನ ಜಾವ, ನಾಲ್ಕು ಹೊಡೆದಿತ್ತು. ಉಗಿಗೆ ನೀರನ್ನೊದಗಿಸುವ ಪಂಪುಗಳು ನಿಂತುಹೋದವು. ಒಳಗಿನ ಒತ್ತಡವು ಏರಿತು. ಮೂರು ಸೆಕೆಂಡುಗಳಲ್ಲಿ ಮೇಲಿನ ಒಂದು ಕವಾಟವು, ತನ್ನ ಧರ್ಮದಂತೆ, ಬಾಯಿ ತೆರೆಯಿತು. ಎಂಟು ಸೆಕೆಂಡುಗಳಿಗೆ ರಿಯಾಕ್ಟರು ತಾನಾಗಿ ನಿಂತಿತು. ಒತ್ತಡವು ಇಳಿಯಿತು, ಹದಿಮೂರನೆಯ ಸೆಕೆಂಡಿಗೆ ಕವಾಟವು ಮುಚ್ಚಬೇಕಾಗಿತ್ತು.

ಅದು ಮುಚ್ಚಲಿಲ್ಲ.

ನಿಯಂತ್ರಣದ ಕೋಣೆಯಲ್ಲಿ ಈ ಕವಾಟಕ್ಕೆಂದು ಒಂದು ಚಿಕ್ಕ ದೀಪವಿತ್ತು. ದೀಪವು ಆರಿತು. ಅಲ್ಲಿದ್ದವರು, ಮುಚ್ಚಿತು ಎಂದುಕೊಂಡರು. ಆದರೆ ಆ ದೀಪವು ಕವಾಟಕ್ಕೆ ಜೋಡಿಸಿದ್ದಲ್ಲ. ಕವಾಟವನ್ನು ತೆರೆದು ಹಿಡಿಯುವ ವಿದ್ಯುತ್ಸುರುಳಿಗೆ ಜೋಡಿಸಿದ್ದು. ವಿದ್ಯುತ್ತು ನಿಂತಿತೆಂದು, ಅಂದರೆ ಮುಚ್ಚಿಕೋ ಎಂಬ ಅಪ್ಪಣೆಯು ಹೋಯಿತೆಂದು, ಅದು ಹೇಳುತ್ತಿತ್ತು. ಅಪ್ಪಣೆಯು ನಡೆಯಿತೋ ಇಲ್ಲವೋ ಎಂಬುದು ಅದಕ್ಕೆ ಗೊತ್ತಿರಲಿಲ್ಲ. ಬಾಗಿಲು ಹಾಕೋ ಎಂದು ಮಾಳಿಗೆಯಿಂದ ಕೂಗಿ, ಹಾಕಿದನೆಂದು ತಿಳಿದು ಮಲಗಿದ ಯಜಮಾನನ ಕಥೆಯಿದು. ಆಳು ಹಿತ್ತಲಲ್ಲಿ ನಿದ್ದೆ ಹೋಗಿದ್ದನು.

ಬೇರೆ ಗುರುತುಗಳಿರಲಿಲ್ಲವೆ? ಇದ್ದವು. ಕವಾಟದ ಮುಂದಿನ ಕೊಳವೆಯ ಉಷ್ಣತೆಯು ಏರಿದ್ದಿತು. ಆದರೆ ಆ ಕವಾಟವು ಕೆಲವು ದಿನಗಳಿಂದ ಸ್ವಲ್ಪ ಸೋರುತ್ತಲೇ ಇದ್ದಿತಾದ್ದರಿಂದ ಅಲ್ಲಿ ಬಿಸಿಯಿರುವದು ವಾಡಿಕೆಯ ಮಾತಾಗಿ ಹೋಗಿತ್ತು. ಚಿಕ್ಕ ಸೋರಿಕೆಯನ್ನು ಸಹಿಸಿದ್ದರ ಫಲವೆಂದರೆ, ದೊಡ್ಡ ಸೋರಿಕೆಯ ಗುರುತು ಮಾತನಾಡಿದಾಗ ಯಾರೂ ಕಿವಿಗೊಡಲಿಲ್ಲ. ಹೊರಬಿದ್ದ ನೀರನ್ನು ಹಿಡಿಯುವ ತೊಟ್ಟಿಯ ರಕ್ಷಣಾಫಲಕವು ಕಾಲು ತಾಸಿನಲ್ಲಿ ಹರಿಯಿತು. ಅಷ್ಟರಲ್ಲಿ ಕೋಣೆಯಲ್ಲಿ ನೂರಕ್ಕೂ ಮಿಕ್ಕು ಎಚ್ಚರಿಕೆಯ ಗಂಟೆ ದೀಪಗಳು ಒಮ್ಮೆಲೆ ಗದ್ದಲವೆಬ್ಬಿಸಿದ್ದವು. ಜಾತ್ರೆಯಲ್ಲಿ ಮಗುವು ಅತ್ತರೆ ಕೇಳುವರಾರು?

ಇದರ ಮೇಲೆ ಇನ್ನೊಂದು ಭ್ರಾಂತಿಯು ಕೂಡಿತು. ನೀರು ಕಡಿಮೆಯಾದ ಕೂಡಲೆ ತುರ್ತಿನ ಪಂಪುಗಳು ತಾವಾಗಿ ನೀರನ್ನು ತುಂಬಲಾರಂಭಿಸಿದ್ದವು. ಆದರೆ ಮೇಲಿನ ಪಾತ್ರೆಯಲ್ಲಿ ನೀರಿನ ಮಟ್ಟವು ಏರುತ್ತಿರುವದನ್ನು ಕಂಡು, ಎಲ್ಲವೂ ತುಂಬಿಹೋಗುತ್ತಿದೆಯೆಂದು ತಿಳಿದು, ಕೆಲಸದವರು ತಮ್ಮ ಕೈಯಾರೆ ಆ ನೀರನ್ನು ತಗ್ಗಿಸಿದರು. ಗೃಹಿಣಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಲೆಯ ಮೇಲಿನ ಹಾಲು ಉಕ್ಕಿದಾಗ ಪಾತ್ರೆಯು ತುಂಬಿ ತುಳುಕುವದು. ಹಾಲೇನು ಒಂದು ಚಮಚೆಯೂ ಹೆಚ್ಚಾಗಿರುವದಿಲ್ಲ. ಅಲ್ಲಿಯೂ ಒಳಗೆ ನೀರು ಕುದಿದು ಉಗಿಯಾಗಿ ಮಟ್ಟವನ್ನು ಮೇಲಕ್ಕೆ ನೂಕುತ್ತಿತ್ತು.

ಎರಡು ತಾಸು ಇಪ್ಪತ್ತೆರಡು ನಿಮಿಷಗಳು ಹೀಗೆಯೇ ಕಳೆದವು. ಬೆಳಿಗ್ಗೆ ಹೊಸದಾಗಿ ಬಂದ ಒಬ್ಬ ಮೇಲ್ವಿಚಾರಕನು ಅದೇ ಗುರುತುಗಳನ್ನು ಹೊಸ ಕಣ್ಣಿನಿಂದ ನೋಡಿದನು. ಸಂಶಯಪಟ್ಟು, ಅದೇ ಕೊಳವೆಯ ಮೇಲಿದ್ದ ಇನ್ನೊಂದು ತಡೆಗವಾಟವನ್ನು ಮುಚ್ಚಿಸಿದನು. ಸೋರಿಕೆಯು ನಿಂತಿತು. ಆದರೆ ತಂಪುಗೊಳಿಸುವ ನೀರಿನ ಮೂರರಲ್ಲೊಂದು ಪಾಲಿಗೂ ಮಿಕ್ಕು ಅಷ್ಟರಲ್ಲಿ ಹೊರಟುಹೋಗಿತ್ತು. ೧೯೮೨ರಲ್ಲಿ ಒಳಗೆ ಕ್ಯಾಮರಾ ಇಳಿಸಿದಾಗ, ಇಂಧನವಿರಬೇಕಾದಲ್ಲಿ ದೊಡ್ಡ ಪೊಳ್ಳು ಕಂಡಿತು. ಸುಮಾರು ಅರ್ಧ ಇಂಧನವು ಕರಗಿದ್ದಿತೆಂದು ಕಾಲಾಂತರದಲ್ಲಿ ಗೊತ್ತಾಯಿತು.

ಹೊರಗಿನ ದಪ್ಪಗೋಡೆಯ ಕಟ್ಟಡವು ತನ್ನ ಕೆಲಸವನ್ನು ಮಾಡಿತಾದ್ದರಿಂದ ಹೊರಬಿದ್ದ ವಿಕಿರಣವು ಅತ್ಯಲ್ಪವಾಗಿತ್ತು. ಆ ದಿನ ಯಾರೂ ಸಾಯಲಿಲ್ಲ. ಆದರೆ ಎರಡು ದಿನಗಳ ಮೇಲೆ ಐದು ಮೈಲಿಗಳೊಳಗಿನ ಬಸುರಿಯರೂ ಚಿಕ್ಕ ಮಕ್ಕಳೂ ಊರು ಬಿಡುವದು ಲೇಸೆಂದು ಪ್ರಾಂತದ ರಾಜ್ಯಪಾಲರು ಸಲಹೆ ಕೊಟ್ಟರು. ತೊಟ್ಟಿಲು ಕೂಸುಗಳನ್ನು ಎತ್ತಿಕೊಂಡು ಹೊರಟ ತಾಯಂದಿರಿಗೆ, ಈ ಎಲ್ಲಕ್ಕೂ ಮೂಲವು ಒಂದು ದೀಪದ ತಂತಿಯನ್ನು ಎಲ್ಲಿಗೆ ಜೋಡಿಸಿದ್ದರೆಂಬುದರಲ್ಲಿ ಇದೆಯೆಂದು ಯಾರಾದರೂ ಹೇಳಿದ್ದರೆ ನಂಬುತ್ತಿದ್ದರೋ ಇಲ್ಲವೋ.

ವಿಚಾರಣೆಯ ಕಥೆಯು ಇದಕ್ಕಿಂತಲೂ ಮನನೀಯವಾಗಿದೆ. ಅಧ್ಯಕ್ಷ ಕಾರ್ಟರರು ನೇಮಿಸಿದ ಸಮಿತಿಗೆ ಮುಖ್ಯಸ್ಥರಾದವರು ಜಾನ್ ಕೆಮೆನಿ ಎಂಬ ಗಣಿತಜ್ಞರು. ಯಂತ್ರ ತಯಾರಿಸುವವರೂ ಅಲ್ಲ, ವಿದ್ಯುತ್ತು ಮಾರುವವರೂ ಅಲ್ಲ. ಅವರ ಸಮಿತಿಯು ಅದೇ ವರ್ಷದ ಅಕ್ಟೋಬರದಲ್ಲಿ ವರದಿಯನ್ನು ಒಪ್ಪಿಸಿತು. ಕವಾಟವು ಸಿಕ್ಕಿಕೊಂಡಿತು, ಕೆಲಸದವರು ತಪ್ಪಿದರು, ಎಂದು ಎರಡು ಸಾಲು ಬರೆದು ಕೈತೊಳೆದುಕೊಳ್ಳುವದು ಸುಲಭವಿತ್ತು. ಅವರು ಹಾಗೆ ಮಾಡದೆ, ಈ ಕವಾಟವು ಹೀಗೆ ಮೊದಲು ಎಲ್ಲಿಯಾದರೂ ಮಾಡಿದ್ದಿತೇ ಎಂದು ಕೇಳಿದರು.

ಮಾಡಿದ್ದಿತು. ಒಂದೂವರೆ ವರ್ಷಕ್ಕೆ ಮುಂಚೆ, ೧೯೭೭ರ ಸಪ್ಟೆಂಬರ ೨೪ರಂದು, ಓಹಾಯೋ ಪ್ರಾಂತದ ಡೇವಿಸ್-ಬೆಸ್ಸಿ ಎಂಬಲ್ಲಿ, ಅದೇ ಕಂಪನಿಯು ಕಟ್ಟಿದ ಸ್ಥಾವರದಲ್ಲಿ ಇಂಥದೇ ಕವಾಟವು ತೆರೆದು ಸಿಕ್ಕಿಕೊಂಡಿತ್ತು. ಅಲ್ಲಿ ಅದರ ವಿದ್ಯುನ್ಮಂಡಲದಲ್ಲಿ ಇರಬೇಕಾದ ರಿಲೇ ಎಂಬ ಒಂದು ಚಿಕ್ಕ ಭಾಗವು ಇರಲೇ ಇಲ್ಲ. ಅದರಿಂದ ಕವಾಟವು ಪಟಪಟನೆ ಬಡಿದುಕೊಂಡು ಕೊನೆಗೆ ತೆರೆದೇ ನಿಂತಿತು. ಅಲ್ಲಿಯೂ ಕೆಲಸದವರು ಮಟ್ಟವನ್ನು ನೋಡಿ ಮೋಸಹೋಗಿ ನೀರನ್ನು ನಿಲ್ಲಿಸಿದ್ದರು. ಆದರೆ ಅಂದು ರಿಯಾಕ್ಟರು ಪೂರ್ಣಶಕ್ತಿಯ ನೂರಕ್ಕೆ ಒಂಬತ್ತರಷ್ಟೇ ನಡೆದಿತ್ತು, ಸುಮಾರು ಇಪ್ಪತ್ತು ನಿಮಿಷಗಳಲ್ಲಿ ತಪ್ಪು ತಿಳಿದು ತಡೆಗವಾಟವನ್ನು ಮುಚ್ಚಿದರು, ಕೇಡಾಗಲಿಲ್ಲ. ಆ ಕಂಪನಿಯ ಬರ್ಟ್ ಡನ್ ಎಂಬ ಇಂಜನಿಯರರು ಇದರಿಂದ ಎಚ್ಚತ್ತು, ಹೀಗೆ ನೀರನ್ನು ಅವಸರದಿಂದ ನಿಲ್ಲಿಸಬಾರದೆಂದು ಎಲ್ಲ ಸ್ಥಾವರಗಳವರಿಗೆ ತಿಳಿಸಬೇಕೆಂದು ೧೯೭೮ರ ಫೆಬ್ರುವರಿಯಲ್ಲಿಯೇ ಬರೆದಿದ್ದರು. ಆ ಟಿಪ್ಪಣಿಯು ಕಂಪನಿಯೊಳಗೆ ಒಂದು ಮೇಜಿನಿಂದ ಇನ್ನೊಂದಕ್ಕೆ ಹೋಗುತ್ತಿರುವಷ್ಟರಲ್ಲಿ ಹದಿಮೂರು ತಿಂಗಳು ಕಳೆದು ೧೯೭೯ರ ಮಾರ್ಚ ಬಂದಿತು. ಕಾಗದದ ಕವಾಟವೂ ಸಿಕ್ಕಿಕೊಳ್ಳುವದುಂಟೆಂದು ನಾವು ಇದನ್ನು ಓದಿದಾಗ ನಿಡುಸುಯ್ದೆವು.

ಆ ಬಳಿಕ ಅಮೇರಿಕೆಯಲ್ಲಿ ಆದ ಬದಲಾವಣೆಗಳಲ್ಲಿ ನಮಗೆ ಅತ್ಯಂತ ಮೆಚ್ಚಿಕೆಯಾದದ್ದು ಒಂದಿದೆ. ಸುರಕ್ಷಾಕವಾಟಗಳ ಸ್ಥಿತಿಯನ್ನು ಅಪ್ಪಣೆಯಿಂದ ಊಹಿಸದೆ ಕವಾಟದಿಂದಲೇ ತಿಳಿಯಬೇಕೆಂದು ಕಡ್ಡಾಯವಾಯಿತು. ಕೆಲವರು ಕವಾಟದ ದಂಡಕ್ಕೇ ಗುರುತಿನ ಉಪಕರಣವನ್ನು ಕೂಡಿಸಿದರು. ಇನ್ನು ಕೆಲವರು ಕೊಳವೆಗೆ ಕಿವಿಯನ್ನು ಹಚ್ಚಿದರು, ಉತ್ಪ್ರೇಕ್ಷೆಯಲ್ಲ. ಉಗಿಯು ಹರಿಯುವಾಗ ಕೊಳವೆಯು ನಡುಗುವದು. ಆ ನಡುಕದ ನಾದವನ್ನು ಹಿಡಿದು ತಿಳಿಸುವ ಉಪಕರಣವು ಕೊಳವೆಯ ಮೈಮೇಲೆ ಕೂಡ್ರುವದು. ಸೀಟಿಯು ಕೂಗಿತೋ ಇಲ್ಲವೋ ಎಂದು ಪಡಸಾಲೆಯಿಂದಲೇ ಕಿವಿಗೊಡುವ ಮನೆಯವರ ಪದ್ಧತಿಗೆ ಅವರು ಇಷ್ಟು ಕಷ್ಟದಿಂದ ಬಂದು ಮುಟ್ಟಿದರೆನ್ನಬಹುದು. ಇದಲ್ಲದೆ ೧೯೮೧ರಲ್ಲಿ ಅಲ್ಲಿಯ ವಿದ್ಯುತ್ ಸಂಶೋಧನ ಸಂಸ್ಥೆಯವರು ಈ ಜಾತಿಯ ಕವಾಟಗಳನ್ನು ದೊಡ್ಡ ಪರೀಕ್ಷಾಲಯಗಳಲ್ಲಿಟ್ಟು ಉಗಿಯನ್ನೂ ನೀರನ್ನೂ ಪೂರ್ಣಬಲದಿಂದ ಹಾಯಿಸಿ ನೋಡಿದರು. ಉಗಿಗೆಂದು ಮಾಡಿದ ಕವಾಟವು ನೀರು ನುಗ್ಗಿದಾಗ ಹೇಗೆ ನಡೆಯುವದೆಂಬುದನ್ನು ಮೊದಲೇ ನೋಡಿಡಬೇಕಾಗಿತ್ತಲ್ಲವೆ?

ಇನ್ನು ಬನಹಟ್ಟಿಯ ಹುಡುಗನ ನಿತ್ಯದ ಕೆಲಸದ ಬಗೆಗೆ. ಸಂಶಯಕ್ಕೆ ಎಡೆಗೊಟ್ಟ ಕವಾಟವು ಪರೀಕ್ಷಕನ ಮುಂದೆ ಬಂದಾಗ ಅದನ್ನು ಒರೆಸಿ, ಎಣ್ಣೆ ಹಚ್ಚಿ, ಆಮೇಲೆ ಪರೀಕ್ಷಿಸಬೇಕೆಂದು ಯಾರಿಗಾದರೂ ತೋರುವದು. ಅದು ದೊಡ್ಡ ತಪ್ಪು. ಒಳ್ಳೆಯ ಪದ್ಧತಿಯೆಂದರೆ ಕವಾಟವು ಇದ್ದ ಸ್ಥಿತಿಯಲ್ಲಿಯೇ, ಮಸಿ ತುಕ್ಕುಗಳ ಸಹಿತ, ಪರೀಕ್ಷೆಯ ಉಗಿಗೆ ಕೂಡಿಸಿ, ಒತ್ತಡವನ್ನು ಮೆಲ್ಲಗೆ ಏರಿಸುತ್ತ, ಅದು ಮೊದಲ ಸಲ ಯಾವ ಅಂಕಿಗೆ ಬಾಯಿ ತೆರೆಯುವದೆಂದು ಬರೆದುಕೊಳ್ಳುವದು. ಮೊದಲ ಸಲದ ಅಂಕಿಗೆ ಮಾತ್ರ ಬೆಲೆಯುಂಟು. ಏಕೆಂದರೆ ಸಿಕ್ಕಿಕೊಂಡಿದ್ದ ಕವಾಟವು ಒಮ್ಮೆ ಎದ್ದಿತೆಂದರೆ ಅಂಟು ಬಿಟ್ಟುಹೋಗಿ ಎರಡನೆಯ ಸಲ ಸರಿಯಾಗಿಯೇ ಏಳುವದು; ಅಪರಾಧಿಯು ಸಾಕ್ಷ್ಯವನ್ನು ತಾನೇ ಅಳಿಸಿದಂತಾಗುವದು. ನಿಜವಾದ ಅವಘಡದಲ್ಲಿ ಅದಕ್ಕೆ ಎರಡನೆಯ ಸಲವೆಂಬುದು ದೊರೆಯುವದಿಲ್ಲ.

ಈ ಅಂಟಿನ ಮಾತು ಕೌತುಕದ್ದಾಗಿದೆ. ರಿಯಾಕ್ಟರಿನಲ್ಲಿಯೇ ನೀರು ಕುದಿಯುವ ಒಂದು ಜಾತಿಯ ಸ್ಥಾವರಗಳುಂಟು. ತಾರಾಪುರದ ಮೊದಲೆರಡು ಘಟಕಗಳು ಆ ಜಾತಿಯವು. ಅಮೇರಿಕೆಯಲ್ಲಿ ಇಂಥ ಹಲವು ಸ್ಥಾವರಗಳ ಕವಾಟಗಳು ನಿಗದಿಯಾದ ಒತ್ತಡಕ್ಕೆ ಏಳದೆ ಮೇಲಿನ ಒತ್ತಡಕ್ಕೆ ಏಳುತ್ತಿರುವದು ಕಂಡುಬಂದಿತು. ಬಿಚ್ಚಿ ನೋಡಿದರೆ ಕಸವಿಲ್ಲ, ಬಿರುಕಿಲ್ಲ. ಸೂಕ್ಷ್ಮವಾಗಿ ಶೋಧಿಸಿದ ಮೇಲೆ ತಿಳಿದದ್ದೇನೆಂದರೆ, ವಿಕಿರಣದಿಂದ ನೀರು ಸ್ವಲ್ಪ ಸ್ವಲ್ಪವಾಗಿ ಜಲಜನಕ ಆಮ್ಲಜನಕಗಳಾಗಿ ಒಡೆಯುವದು. ಅವು ಉಗಿಯೊಡನೆ ಬಂದು ಕವಾಟದ ಒಳಗಿನ ಮೂಲೆಯ ಚಿಕ್ಕ ಕೋಣೆಯಲ್ಲಿ ಸೇರಿಕೊಳ್ಳುವವು. ಅಲ್ಲಿ ಲೋಹದ ಬಿಲ್ಲೆಗೂ ಅದರ ಪೀಠಕ್ಕೂ ನಡುವೆ ಕಣ್ಣಿಗೆ ಕಾಣದಷ್ಟು ತೆಳುವಾದ ತುಕ್ಕಿನ ಪೊರೆಯು ಬೆಳೆದು ಎರಡನ್ನೂ ಬೆಸೆಯುವದು. ಆ ಎರಡು ವಾಯುಗಳು ಮತ್ತೆ ಕೂಡಿ ನೀರಾಗಲೆಂದು ಬಿಲ್ಲೆಯ ಲೋಹದಲ್ಲಿ ತುಸು ಪ್ಲಾಟಿನಮ್ಮನ್ನು ಬೆರಸಿ ನೋಡಿದ ಪ್ರಯತ್ನವೂ ಆಯಿತು. ಮೊದಲೇ ಒರೆಸಿ ತೊಳೆದಿದ್ದರೆ ಈ ಪೊರೆಯು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಕೈಗಾದ ಕುಲಕ್ಕೆ ಹತ್ತಿರದ ಉದಾಹರಣೆಯನ್ನು ಕೇಳಿದರೆ ಕೆನಡಾ ದೇಶದ ಪಿಕರಿಂಗದ್ದನ್ನು ಹೇಳಬೇಕು. ಭಾರಜಲದ ರಿಯಾಕ್ಟರುಗಳ ವಿದ್ಯೆಯು ನಮ್ಮ ದೇಶಕ್ಕೆ ರಾಜಸ್ಥಾನದ ಸ್ಥಾವರದ ಮೂಲಕ ಕೆನಡಾದಿಂದಲೇ ಬಂದದ್ದು. ೧೯೯೪ರ ಡಿಸೆಂಬರ ೧೦ರಂದು ಪಿಕರಿಂಗಿನ ಎರಡನೆಯ ಘಟಕದಲ್ಲಿ ಒಂದು ಕವಾಟದ ರಬ್ಬರಿನ ಪೊರೆಯು ಕೆಟ್ಟು ಕವಾಟವು ತೆರೆದುಕೊಂಡಿತು, ಅದರ ಬೆನ್ನಿಗೆ ಇನ್ನೊಂದು ಕವಾಟವು ದಡದಡನೆ ಬಡಿದುಕೊಳ್ಳಲಾರಂಭಿಸಿ ಆ ನಡುಕಕ್ಕೆ ಕೊಳವೆಯು ಬಿರಿಯಿತು, ಭಾರಜಲವು ಹರಿದುಹೋಯಿತು. ತುರ್ತಿನ ನೀರಿನ ವ್ಯವಸ್ಥೆಯು ತನ್ನ ಕೆಲಸವನ್ನು ಸರಿಯಾಗಿ ಮಾಡಿತು, ಇಂಧನವು ಉಳಿಯಿತು. ಉಕ್ಕಿನ ಅಷ್ಟೊಂದು ಗೋಪುರದಲ್ಲಿ ಕೈಕೊಟ್ಟದ್ದು ಒಂದು ತುಂಡು ರಬ್ಬರು! ಕುಕ್ಕರಿನ ಮುಚ್ಚಳದ ರಬ್ಬರು ಬಳೆಯನ್ನು ವರ್ಷಕ್ಕೊಮ್ಮೆ ಬದಲಿಸಲು ಬೇಸರಪಡುವವರು ಇದನ್ನು ನೆನೆಯಲಿ.

ಕೈಗಾದ ಮೊದಲನೆಯ ಘಟಕವು ೨೦೧೬ರ ಮೇ ತಿಂಗಳಿನಿಂದ ೨೦೧೮ರ ಕೊನೆಯವರೆಗೆ ೯೬೨ ದಿನಗಳು ಎಡೆಬಿಡದೆ ನಡೆದು ಆ ಕಾಲಕ್ಕೆ ಲೋಕದಲ್ಲಿಯೇ ಮೇಲೆನಿಸಿತು. ಅನಂತರ ಕೆನಡಾದ ಡಾರ್ಲಿಂಗಟನ್ನಿನ ಘಟಕವೊಂದು ಅದನ್ನು ಮೀರಿಸಿತು. ಕಾಳೀನದಿಯ ದಂಡೆಯ ಆ ವಿದ್ಯುತ್ತು ಎಲ್ಲ ಕೇಂದ್ರಗಳ ವಿದ್ಯುತ್ತಿನೊಡನೆ ಬೆರೆತು ತಂತಿಗಳಲ್ಲಿ ಹರಿದುಬರುವದರಿಂದ, ರಬಕವಿ-ಬನಹಟ್ಟಿಯ ಯಂತ್ರಮಗ್ಗಗಳ ಲಾಳಿಗೂ ಅದರ ಒಂದು ಪಾಲು ಮುಟ್ಟುತ್ತಿರಬೇಕು. ಇಂಥ ದೀರ್ಘವಾದ ಓಟಕ್ಕೆ ಹಿಗ್ಗುವದು ಯೋಗ್ಯವೇ. ಆದರೆ ಕವಾಟದ ಪರೀಕ್ಷಕನು ಹಿಗ್ಗುವದರ ಜೊತೆಗೆ, ಇಷ್ಟು ದಿನ ಕೆಲಸವಿಲ್ಲದೆ ಕುಳಿತ ಕವಾಟದ ಬಿಲ್ಲೆಯು ಪೀಠಕ್ಕೆ ಏನು ಮಾಡಿಕೊಂಡಿರಬಹುದೆಂದು ಯೋಚಿಸುವನು. ಅದಕ್ಕಾಗಿ ಅವನಿಗೆ ಸಂಬಳ. ೧೯೮೩ರಿಂದ ನಮ್ಮ ದೇಶದಲ್ಲಿ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯೆಂಬ ಸಂಸ್ಥೆಯು ಸ್ಥಾವರಗಳಿಗೆ ಅನುಮತಿಪತ್ರ ಕೊಡುವದು, ತಪಾಸಣೆ ಮಾಡುವದು ಮುಂತಾದ ಕೆಲಸವನ್ನು ನೋಡುತ್ತಿದೆ. ಆದರೂ ತಪಾಸಣೆಗಾರನ ಕೈಗೆ ಬರುವ ಕಾಗದದ ಮೇಲೆ ಅಂಕಿಯನ್ನು ಬರೆಯುವ ಮೊದಲನೆಯ ಕೈಯು, ಆ ರಾತ್ರಿಯ ಪಾಳಿಯಲ್ಲಿ ಕವಾಟದ ಮುಂದೆ ಒಬ್ಬನೇ ನಿಂತ ಹುಡುಗನದೇ ಸರಿ. ಅಂಕಿಯು ನಿಗದಿಗಿಂತ ಬೇರೆ ಬಂದರೆ ಬೇರೆಯದನ್ನೇ ಬರೆಯುವನೋ, ಇನ್ನೊಮ್ಮೆ ಏರಿಸಿ ನೋಡಿ ಸರಿಬಂದದ್ದನ್ನು ಬರೆಯುವನೋ? ತಾಯಿಯವರ ಎರಡನೆಯ ಪ್ರಶ್ನೆಗೆ ನಮ್ಮಲ್ಲಿರುವ ಉತ್ತರವು ಇಷ್ಟೇ. ಕವಾಟವು ಸಿಕ್ಕಿಕೊಳ್ಳಬಹುದು, ಅದಕ್ಕಾಗಿ ಅಲ್ಲಿ ಒಂದರ ಹಿಂದೊಂದು ರಕ್ಷಣೆಗಳನ್ನಿಟ್ಟಿರುವರು. ಅವುಗಳಲ್ಲಿ ಮೊದಲನೆಯದು ಅವರ ಮಗನ ಲೇಖನಿ. ದುಂಡಗೆ ಬರೆಯುವ ತಾಯಿಯ ಮಗನಾದ್ದರಿಂದ ನಮಗೆ ಧೈರ್ಯವಿದೆ.

ಇನ್ನು ಗೂಡಿನಲ್ಲಿರುವ ಹಳೆಯ ಸೀಟಿ. ಅದನ್ನು ತಿಕ್ಕಬೇಡಿರಿ, ತೊಳೆಯಬೇಡಿರಿ, ಹುಣಸೆಹಣ್ಣಿನಲ್ಲಿ ನೆನೆಯಿಡಬೇಡಿರಿ. ಒಂದು ಕಾಗದದಲ್ಲಿ ಸುತ್ತಿ, ಸಿಕ್ಕಿಕೊಂಡ ದಿನ, ಆ ದಿನ ಬೇಯಿಸಿದ ಬೇಳೆ, ಹಾಕಿದ ನೀರು, ಎಷ್ಟು ಹೊತ್ತಿಗೆ ಒಲೆಯನ್ನು ಆರಿಸಿದಿರಿ, ಇಷ್ಟನ್ನು ನೆನಪಿದ್ದಂತೆ ಮೇಲೆ ಬರೆದಿಡಿರಿ. ಕುಕ್ಕರಿನ ಮುಚ್ಚಳವನ್ನು ಬೆಳಕಿಗೆ ಹಿಡಿದು ಕೊಳವೆಯ ರಂಧ್ರದಲ್ಲಿ ಆಚೆಯ ಬೆಳಕು ಕಾಣುವದೋ ಎಂದು ಪ್ರತಿ ಸಲವೂ ನೋಡಿರಿ. ಹೊಸ ಸೀಟಿಯು ಅದೇ ಕುಕ್ಕರಿಗೆಂದು ಮಾಡಿದ್ದೇ ಹೌದೋ ಎಂಬುದನ್ನೂ ವಿಚಾರಿಸಿಕೊಳ್ಳಿರಿ, ಏಕೆಂದರೆ ತೂಕವು ಬೇರೆಯಾದರೆ ಒತ್ತಡವೂ ಬೇರೆಯಾಗುವದು. ಹಳೆಯದನ್ನು, ಮಗನು ಮುಂದಿನ ಸಲ ರಜೆಯಲ್ಲಿ ಬಂದಾಗ ಹಾಗೆಯೇ ಅವನ ಕೈಯಲ್ಲಿ ಕೊಡಿರಿ. ಸಿಕ್ಕಿಕೊಂಡದ್ದು ಬೇಳೆಯ ನೊರೆಯಿಂದಲೋ, ನೀರಿನ ಸುಣ್ಣದಿಂದಲೋ, ತೂಕದ ಒಳಗಿನ ಸೂಜಿಯು ಬಾಗಿದ್ದರಿಂದಲೋ, ಅವನು ನೋಡಿ ಹೇಳಲಿ. ಅವನು ಹೇಳಿದ್ದನ್ನು ನಮಗೂ ಒಂದು ಕಾರ್ಡಿನಲ್ಲಿ ಬರೆದು ತಿಳಿಸಿರಿ.